ಓದುಗರ ಪ್ರಶ್ನೆ, ನಮ್ಮ ಉತ್ತರ: ಖಾಸಗಿ ಪಾಲುದಾರಿಕೆಯ ವಿದ್ಯುತ್ತಿಗೆ ಕಾವಲಿರುವವರಿಗೆ ಏನೇನು ಗೊತ್ತಿರಬೇಕು?

ಕಳೆದ ಸಂಚಿಕೆಯಲ್ಲಿ ವಿದ್ಯುತ್ ದರ ಪರಿಷ್ಕರಣೆಯ ಬಗ್ಗೆ ಬರೆದ ಮೇಲೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಓದುಗರಿಂದ ಪತ್ರಗಳು ಬಂದಿವೆ. ಹೆಚ್ಚಿನವು ಒಂದೇ ಸಂಶಯದ ಸುತ್ತ ಇವೆ: ವಿದ್ಯುತ್ ಕ್ಷೇತ್ರಕ್ಕೆ ಖಾಸಗಿಯವರು ಬಂದಾಯಿತು, ಅವರ ಮೇಲೆ ನಿಗಾ ಇಡುವ ಕಚೇರಿಗಳಲ್ಲಿ ಕೂತವರಿಗೆ ಆ ಕೆಲಸ ಬರುತ್ತದೆಯೇ? ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಹೊಲದ ಬದುವಿನ ಪಕ್ಕದಲ್ಲೇ ಕೂಡಗಿಯಿಂದ ಹೊರಡುವ ಭಾರಿ ಲೈನಿನ ಟವರು ನಿಂತಿದೆ. ಅಲ್ಲಿನ ವಿದ್ಯುತ್ ಸ್ಥಾವರ ಕೇಂದ್ರ ಸರ್ಕಾರದ ಎನ್‌ಟಿಪಿಸಿಯದು, ಲೈನು ಮಾತ್ರ ಖಾಸಗಿ ಕಂಪನಿ ಕಟ್ಟಿದ್ದು ಎಂದು ಹೇಳುತ್ತಾರೆ. ಇಂಥ ಸರ್ಕಾರಿ–ಖಾಸಗಿ ಪಾಲುದಾರಿಕೆಯನ್ನು ನಿಯಂತ್ರಿಸುವ ಆಯೋಗಗಳಲ್ಲಿ ಒಳ್ಳೆಯ ಎಂಜಿನಿಯರುಗಳಿದ್ದರೆ ಸಾಲದೇ?
(ಓದುಗರೊಬ್ಬರು, ಬಸವನಬಾಗೇವಾಡಿ)

ಉತ್ತರ: ನೀವು ಕೇಳಿದ್ದು ನಿಜ. ತಲಾ 800 ಮೆಗಾವಾಟಿನ ಮೂರು ಘಟಕಗಳಿರುವ ಕೂಡಗಿಯ 2,400 ಮೆಗಾವಾಟ್ ಸ್ಥಾವರ ಎನ್‌ಟಿಪಿಸಿಯದು. ಅಲ್ಲಿಂದ ಧಾರವಾಡದ ಬಳಿಯ ನರೇಂದ್ರಕ್ಕೆ, ಮುಂದೆ ಮಧುಗಿರಿಗೆ, ಬಿಡದಿಗೆ ಹೋಗುವ ಪ್ರಸರಣ ಮಾರ್ಗವನ್ನು ಸ್ಪರ್ಧಾತ್ಮಕ ಬಿಡ್‌ನಲ್ಲಿ 2013ರಲ್ಲಿ ಗೆದ್ದದ್ದು ಎಲ್ ಆ್ಯಂಡ್ ಟಿ ಸಮೂಹ. ಅದಕ್ಕಾಗಿಯೇ ಕೂಡಗಿ ಟ್ರಾನ್ಸ್‌ಮಿಷನ್ ಲಿಮಿಟೆಡ್ ಎಂಬ ಪ್ರತ್ಯೇಕ ಕಂಪನಿಯಿತ್ತು. ಲೈನನ್ನು ತಾನೇ ಕಟ್ಟಿ, ತನ್ನ ಒಡೆತನದಲ್ಲೇ ಇಟ್ಟುಕೊಂಡು, 35 ವರ್ಷ ನಡೆಸಿ ನಿರ್ವಹಿಸಿ, ಅದರ ಬಳಕೆಗೆ ಶುಲ್ಕ ಪಡೆಯುವ ಕರಾರು ಅದು. ಅಂತರರಾಜ್ಯ ಜಾಲದ ಭಾಗವಾದ್ದರಿಂದ ಇದರ ನಿಯಂತ್ರಣ ದೆಹಲಿಯ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ಕೈಯಲ್ಲಿದೆ. ಹೆಸ್ಕಾಂ ಮತ್ತಿತರ ವಿತರಣಾ ಕಂಪನಿಗಳ ದರ, ಅವು ಮಾಡುವ ವಿದ್ಯುತ್ ಖರೀದಿ ಮತ್ತು ರಾಜ್ಯದೊಳಗಿನ ಮಾರ್ಗಗಳು 1999ರಲ್ಲಿ ಸ್ಥಾಪನೆಯಾದ ನಮ್ಮ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸೇರುತ್ತವೆ.

ಎಂಜಿನಿಯರುಗಳು ಸಾಲರೇ ಎಂಬ ನಿಮ್ಮ ಪ್ರಶ್ನೆಗೆ ನಿಮ್ಮ ಹೊಲದ ಟವರಿನಿಂದಲೇ ಉತ್ತರ ಹುಡುಕೋಣ. ಬಿಡ್ ಮೂಲಕ ಬಂದ ಇಂಥ ಎ.ಸಿ. ಮಾರ್ಗಗಳಿಗೆ ಸಾಮಾನ್ಯವಾಗಿ ಶೇ 98ರಷ್ಟು ಲಭ್ಯತೆಯ ಗುರಿ ಇರುತ್ತದೆ. ಅಂದರೆ ವರ್ಷದಲ್ಲಿ ಸುಮಾರು ಏಳು ದಿನಗಳಷ್ಟು ಹೊತ್ತು ಲೈನು ಬಂದ್ ಇದ್ದರೂ ಕಂಪನಿಗೆ ಪೂರ್ಣ ಶುಲ್ಕ ಸಲ್ಲುತ್ತದೆ, ಅದಕ್ಕಿಂತ ಹೆಚ್ಚು ಬಂದ್ ಆದರೆ ಶುಲ್ಕ ಕಡಿತವಾಗುತ್ತದೆ. ಆದರೆ ಕಂಪನಿಯ ಕೈಮೀರಿದ ಪ್ರಕೃತಿ ವಿಕೋಪದಿಂದ ಲೈನು ನಿಂತರೆ ಆ ಅವಧಿಯನ್ನು ಕಂಪನಿಯ ತಪ್ಪಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗ ಮೇ ತಿಂಗಳ ಒಂದು ಸಂಜೆ ಬಿರುಗಾಳಿಗೆ ಟವರು ಮುರಿದು ಬಿತ್ತು ಎಂದುಕೊಳ್ಳಿ. ಗಾಳಿಯ ಹೊಡೆತಕ್ಕೇ ಬಿದ್ದದ್ದಾದರೆ ಅದು ವಿಕೋಪ. ಟವರಿನ ಆ್ಯಂಗಲ್ ಪಟ್ಟಿಗಳು ತಿಂಗಳುಗಳ ಹಿಂದೆಯೇ ಕಳುವಾಗಿ, ಗಸ್ತು ತಿರುಗುವವರು ಅದನ್ನು ಗಮನಿಸದೆ, ಸಡಿಲಗೊಂಡ ಟವರು ಸಾಧಾರಣ ಗಾಳಿಗೇ ಮಲಗಿದ್ದಾದರೆ ಅದು ನಿರ್ವಹಣೆಯ ಲೋಪ. ಬಿದ್ದ ಟವರನ್ನು ಕಂಡು ಇದರಲ್ಲಿ ಯಾವುದು ನಿಜವೆಂದು ಹೇಳಲು ಎಂಜಿನಿಯರ್ ಬೇಕು. ಕರಾರಿನ ಯಾವ ಕಲಮಿನ ಯಾವ ಪದ ಆ ನಿಜಕ್ಕೆ ಅನ್ವಯಿಸುತ್ತದೆ ಎಂದು ಹೇಳಲು ಕಾನೂನು ಓದಿದವರು ಬೇಕು. ಅದರಿಂದ ಯಾರ ಬಿಲ್ಲಿಗೆ ಎಷ್ಟು ಹೊರೆ ಬೀಳುತ್ತದೆ ಎಂದು ಹೇಳಲು ಲೆಕ್ಕ ಬಲ್ಲವರು ಬೇಕು. ಈ ಮೂವರೂ ಒಂದೇ ಮೇಜಿನ ಸುತ್ತ ಕೂತು ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವಂತೆ ಮಾತಾಡದಿದ್ದರೆ, ಮೂವರ ವರದಿಗಳು ಮೂರು ಫೈಲುಗಳಲ್ಲಿ ಉಳಿದು, ಕಂಪನಿಯ ವಕೀಲರ ವಾದವೇ ಗೆಲ್ಲುತ್ತದೆ.

ಇದು ಬರೀ ಊಹೆಯಲ್ಲ. ನಾನು ಒಂದು ವಿದ್ಯುತ್ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದಾಗ ಇಂಥದೇ ಒಂದು ವರದಿ ನನ್ನ ಮೇಜಿಗೆ ಬಂದಿತ್ತು. ಅದರಲ್ಲಿ ‘ಅತಿವೇಗದ ಗಾಳಿ’ ಎಂದು ಟೈಪಾಗಿತ್ತು. ನಷ್ಟದ ಅಂದಾಜಿಗೆಂದು ಸ್ಥಳಕ್ಕೆ ಹೋದಾಗ ಅಲ್ಲಿದ್ದ ಹಿರಿಯ ಲೈನ್‌ಮನ್ ಒಬ್ಬರು ಬುಡದ ಕಾಲನ್ನು ತೋರಿಸಿ, ‘ಗಾಳಿ ಅಲ್ರೀ ಸಾಹೇಬ್ರ, ಇಲ್ಲಿ ನಟ್ ಇರಲೇ ಇಲ್ಲ’ ಅಂದರು. ಬೋಲ್ಟಿನ ತೂತುಗಳ ಒಳಗೆಲ್ಲ ಹಳೆಯ ತುಕ್ಕು ಹಿಡಿದಿತ್ತು. ಮೊನ್ನೆ ಮೊನ್ನೆ ಕಿತ್ತುಹೋದ ಬೋಲ್ಟಾಗಿದ್ದರೆ ತೂತಿನ ಅಂಚು ಹೊಳೆಯಬೇಕಿತ್ತು. ನಿಯಂತ್ರಣ ಸಂಸ್ಥೆಯ ಸಿಬ್ಬಂದಿಗೆ ಬೇಕಾದ ಕೌಶಲಗಳ ಪಟ್ಟಿಯಲ್ಲಿ ನಾನು ಮೊದಲಿಗೆ ಬರೆಯುವುದು ಇದನ್ನೇ: ಫೈಲು ಮುಚ್ಚಿಟ್ಟು ಸ್ಥಳಕ್ಕೆ ಹೋಗುವ ಅಭ್ಯಾಸ, ಹೋದಲ್ಲಿ ಕೆಳಗಿನ ನೌಕರನನ್ನು ಮಾತಾಡಿಸುವ ಅಭ್ಯಾಸ.

ಎರಡನೆಯದು, ತಮ್ಮ ಮುಂದಿರುವ ಕರಾರು ಯಾವ ಜಾತಿಯದು ಎಂಬ ಅರಿವು. 2003ರ ವಿದ್ಯುಚ್ಛಕ್ತಿ ಕಾಯ್ದೆಯಲ್ಲಿ ದರ ನಿಗದಿಗೆ ಎರಡು ದಾರಿಗಳಿವೆ. 62ನೇ ಕಲಮಿನಡಿ ಆಯೋಗವೇ ಬಂಡವಾಳ, ಸಾಲದ ಬಡ್ಡಿ, ಇಂಧನ, ನಿರ್ವಹಣೆ, ಲಾಭಾಂಶ ಎಲ್ಲವನ್ನೂ ಒಂದೊಂದಾಗಿ ತೂಗಿ ನೋಡಿ ದರ ಗೊತ್ತುಪಡಿಸುತ್ತದೆ. 63ನೇ ಕಲಮಿನಡಿ ಬಿಡ್‌ನಲ್ಲಿ ಬಂದ ದರವನ್ನು, ಬಿಡ್ ಪಾರದರ್ಶಕವಾಗಿ ಕೇಂದ್ರದ ಮಾರ್ಗಸೂಚಿಯಂತೆ ನಡೆದಿದ್ದರೆ, ಒಪ್ಪಿಕೊಳ್ಳುತ್ತದೆ. ಮೊದಲ ದಾರಿಯಲ್ಲಿ ಕಂಪನಿಯ ಪ್ರತಿ ವೋಚರೂ ಪ್ರಶ್ನಾರ್ಹ. ಎರಡನೆಯದರಲ್ಲಿ ವೋಚರು ಕೇಳುವಂತಿಲ್ಲ, ಕರಾರನ್ನು ಮಾತ್ರ ಓದಬೇಕು. ಮೊದಲನೆಯದರಲ್ಲಿ ಪಳಗಿದವರನ್ನು ಎರಡನೆಯದಕ್ಕೆ ಕೂರಿಸಿದರೆ ಅವರು ಕೇಳಬಾರದ್ದನ್ನು ಕೇಳಿ, ಕೇಳಬೇಕಾದ್ದನ್ನು ಬಿಡುತ್ತಾರೆ.

ಕರಾರು ಓದುವುದು ಎಷ್ಟು ದೊಡ್ಡ ಕೆಲಸ ಎಂಬುದಕ್ಕೆ ಗುಜರಾತಿನ ಮುಂದ್ರಾ ಸಾಕು. ಅಲ್ಲಿ ಟಾಟಾದವರು 4,000 ಮೆಗಾವಾಟಿನ ಸ್ಥಾವರಕ್ಕೆ ಯೂನಿಟ್‌ಗೆ ಸುಮಾರು 2.26 ರೂಪಾಯಿಯಂತೆ ಬಿಡ್ ಗೆದ್ದಿದ್ದರು. ಅದೇ ಊರಲ್ಲಿ ಅದಾನಿಯವರ ಸ್ಥಾವರವೂ ಇದೆ. ಈ ಸ್ಥಾವರಗಳು ಕಲ್ಲಿದ್ದಲಿಗೆ ನೆಚ್ಚಿಕೊಂಡಿದ್ದ ಇಂಡೊನೇಷ್ಯಾ 2010ರಲ್ಲಿ ತನ್ನ ಕಲ್ಲಿದ್ದಲಿನ ರಫ್ತು ಬೆಲೆಯ ನಿಯಮ ಬದಲಿಸಿದಾಗ ಕಂಪನಿಗಳು ‘ಇದು ನಮ್ಮ ಕೈಮೀರಿದ ಘಟನೆ, ದರ ಹೆಚ್ಚಿಸಿ’ ಎಂದು ಕೇಳಿದವು. ವರ್ಷಗಟ್ಟಲೆ ನಡೆದ ವ್ಯಾಜ್ಯದ ಕೊನೆಗೆ 2017ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಬೆಲೆ ಏರಿದ ಮಾತ್ರಕ್ಕೆ ಅದು ಕೈಮೀರಿದ ಘಟನೆಯಾಗದು, ವಿದೇಶದ ಕಾನೂನು ಬದಲಾದರೆ ಅದು ಕರಾರಿನಲ್ಲಿರುವ ‘ಕಾನೂನು ಬದಲಾವಣೆ’ಯೂ ಆಗದು ಎಂದಿತು. ಇಡೀ ವಿವಾದ ನಿಂತದ್ದು ಕೆಲವೇ ಪದಗಳ ಅರ್ಥದ ಮೇಲೆ. ಆ ಪದಗಳನ್ನು ಕರಡು ಹಂತದಲ್ಲೇ ಬೆರಳಿಟ್ಟು ಓದಿ, ‘ಕಲ್ಲಿದ್ದಲು ಹೊರದೇಶದಿಂದ ಬರುವುದಾದರೆ ಬೆಲೆಯ ಅಪಾಯ ಯಾರದು?’ ಎಂದು ಕೇಳುವ ಒಬ್ಬ ಅಧಿಕಾರಿ, ಕೊನೆಗೆ ಕೋರ್ಟಿನಲ್ಲಿ ನಿಲ್ಲುವ ಹತ್ತು ವಕೀಲರಿಗಿಂತ ಅಗ್ಗ.

ಪ್ರಶ್ನೆ: ನಾನು ಕಬ್ಬು ಬೆಳೆಗಾರ. ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳು ವಿದ್ಯುತ್ತನ್ನೂ ಉತ್ಪಾದಿಸಿ ಮಾರುತ್ತವೆ. ಇದರ ದರ ನಿಗದಿಗೆ ಆಯೋಗವು ದೊಡ್ಡ ದೊಡ್ಡ ಕನ್ಸಲ್ಟೆಂಟ್ ಕಂಪನಿಗಳ ನೆರವು ಪಡೆಯಬಹುದಲ್ಲ? ಸ್ವಂತ ಸಿಬ್ಬಂದಿಗೇ ಎಲ್ಲ ಗೊತ್ತಿರಬೇಕೆಂದು ಹಟ ಏಕೆ?
(ಓದುಗರೊಬ್ಬರು, ಮುಧೋಳ)

ಉತ್ತರ: ಪಡೆಯಬಹುದು, ಪಡೆಯುತ್ತಾರೆ ಕೂಡ. ಆದರೆ ಪಡೆದದ್ದನ್ನು ಪರೀಕ್ಷಿಸಲು ಬರದವರ ಕೈಗೆ ಅದು ಹೋದರೆ ಆಗುವುದೇನು ಎಂಬುದನ್ನು ನಿಮ್ಮ ಕಾರ್ಖಾನೆಯ ಅಂಗಳದಿಂದಲೇ ಹೇಳುತ್ತೇನೆ.

ಬಗ್ಯಾಸ್‌ನಿಂದ, ಅಂದರೆ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯಿಂದ, ನಡೆಯುವ ಸಹ ವಿದ್ಯುತ್ ಘಟಕಗಳಿಗೆ ಕೇಂದ್ರ ಆಯೋಗದ ನವೀಕರಿಸಬಹುದಾದ ಇಂಧನದ ನಿಯಮಾವಳಿಯಲ್ಲಿ ಒಂದು ಮಾನದಂಡವಿದೆ: ಒಂದು ಯೂನಿಟ್ ವಿದ್ಯುತ್ತಿಗೆ 3,600 ಕಿಲೊ ಕ್ಯಾಲೊರಿ ಶಾಖ ಬೇಕು, ಒಂದು ಕಿಲೊ ಬಗ್ಯಾಸ್ 2,250 ಕಿಲೊ ಕ್ಯಾಲೊರಿ ಕೊಡುತ್ತದೆ. ಭಾಗಿಸಿದರೆ ಯೂನಿಟ್‌ಗೆ 1.6 ಕಿಲೊ ಬಗ್ಯಾಸ್. ಟನ್ನಿಗೆ 2,000 ರೂಪಾಯಿ ಬೆಲೆ ಎಂದು ಲೆಕ್ಕಕ್ಕೆ ಹಿಡಿದರೆ ಇಂಧನದ ವೆಚ್ಚವೇ ಯೂನಿಟ್‌ಗೆ 3.20 ರೂಪಾಯಿ. ಈಗ ಯಾರೋ ಒಬ್ಬರು ಅರ್ಜಿಯಲ್ಲಿ ‘ನಮ್ಮಲ್ಲಿ 1.7 ಕಿಲೊ ಬೇಕಾಗುತ್ತದೆ’ ಎಂದು ಬರೆದರು ಎನ್ನಿ. ಕಾಗದದ ಮೇಲೆ ಅದು ಬರೀ ಒಂದು ದಶಾಂಶದ ವ್ಯತ್ಯಾಸ. ಆದರೆ ವೆಚ್ಚ 3.40 ರೂಪಾಯಿಗೆ ಏರಿತು. 20 ಮೆಗಾವಾಟ್ ಹೊರಗೆ ಮಾರುವ ಘಟಕ 150 ದಿನದ ಹಂಗಾಮಿನಲ್ಲಿ ಹಗಲಿರುಳು ನಡೆದರೆ 7.2 ಕೋಟಿ ಯೂನಿಟ್ ಆಗುತ್ತದೆ. ಯೂನಿಟ್‌ಗೆ 20 ಪೈಸೆಯಂತೆ ಒಂದು ಹಂಗಾಮಿಗೆ 1.44 ಕೋಟಿ ರೂಪಾಯಿ. ಇದನ್ನು ತೆರುವವರು ಹೆಸ್ಕಾಂನ ಗ್ರಾಹಕರು, ಅವರಲ್ಲಿ ನೀವೂ ಒಬ್ಬರು.

ಕನ್ಸಲ್ಟೆಂಟ್ ಕಂಪನಿಯ ಯುವಕ ಬೆಂಗಳೂರಿನಲ್ಲೋ ಗುರುಗ್ರಾಮದಲ್ಲೋ ಕೂತು ಎಕ್ಸೆಲ್ ಹಾಳೆಯ ಆ ಕೋಶದಲ್ಲಿ 1.7 ಎಂದು ತುಂಬಿದ್ದರೆ, ‘ಈ ಅಂಕಿ ಎಲ್ಲಿಂದ ಬಂತು?’ ಎಂದು ಕೇಳುವವರು ಆಯೋಗದೊಳಗೆ ಇರಬೇಕು. ಕೇಳುವವರಿಗೆ ಬಗ್ಯಾಸ್‌ನಲ್ಲಿ ಅರ್ಧದಷ್ಟು ತೇವಾಂಶವೇ ಇರುತ್ತದೆ, ತೇವ ಏರಿದಂತೆ ಶಾಖ ಇಳಿಯುತ್ತದೆ ಎಂಬುದು ಗೊತ್ತಿರಬೇಕು. ಗಿರಣಿಯ ಕೊನೆಯ ರೋಲರಿನಿಂದ ಹೊರಬೀಳುವ ಬಗ್ಯಾಸನ್ನು ಒಮ್ಮೆಯಾದರೂ ಕೈಯಲ್ಲಿ ಹಿಂಡಿ ನೋಡಿರಬೇಕು. ಹೊರಗಿನ ಸಲಹೆಗಾರರು ಬೇಡವೆಂದು ನಾನು ಹೇಳುತ್ತಿಲ್ಲ. ಅವರು ಕಟ್ಟಿಕೊಟ್ಟ ಲೆಕ್ಕದ ಹಾಳೆಯನ್ನು ಆಯೋಗದ ಸ್ವಂತ ನೌಕರನೊಬ್ಬ ಖಾಲಿ ಹಾಳೆಯಿಂದ ಮತ್ತೆ ಕಟ್ಟಿ ಅದೇ ಉತ್ತರ ತರಲು ಶಕ್ತನಾಗಿರಬೇಕು. ಆಗದಿದ್ದರೆ ಆ ದರವನ್ನು ಆಯೋಗ ನಿಗದಿ ಮಾಡಿತು ಎನ್ನುವುದಕ್ಕಿಂತ ಆಯೋಗ ರುಜು ಹಾಕಿತು ಎನ್ನುವುದೇ ಸರಿ.

ಹಾಗಾದರೆ ಆಯೋಗಗಳು ಸ್ವಂತ ತಜ್ಞರನ್ನು ಏಕೆ ಬೆಳೆಸುವುದಿಲ್ಲ? ಕಾರಣ ಕಾಯ್ದೆಯ 91ನೇ ಕಲಮಿನಲ್ಲೇ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಆ ಕಲಮಿನಂತೆ ಆಯೋಗದ ಅಧಿಕಾರಿಗಳ ಸಂಖ್ಯೆ, ದರ್ಜೆ, ಸಂಬಳ ಎಲ್ಲಕ್ಕೂ ಸರ್ಕಾರದ ಅನುಮೋದನೆ ಬೇಕು. ಸಲಹೆಗಾರರನ್ನು ನೇಮಿಸಿಕೊಳ್ಳುವ ಉಪಕಲಮಿನಲ್ಲಿ ಮಾತ್ರ ಆ ಅನುಮೋದನೆಯ ಮಾತಿಲ್ಲ. ಖಾಯಂ ಹುದ್ದೆ ಕೇಳಿದರೆ ಫೈಲು ಹಣಕಾಸು ಇಲಾಖೆಗೆ ಹೋಗಿ ಕೂರುತ್ತದೆ, ಟೆಂಡರ್ ಕರೆದರೆ ಸಲಹೆಗಾರ ಕೆಲವೇ ವಾರಗಳಲ್ಲಿ ಬರುತ್ತಾನೆ. ಯಾವ ದಾರಿ ಹಿಡಿಯುತ್ತಾರೆಂದು ಊಹಿಸಲು ಕಷ್ಟವಿಲ್ಲ. ಉಳಿದ ಹುದ್ದೆಗಳಿಗೆ ದೇಶದ ಬಹುತೇಕ ರಾಜ್ಯಗಳಲ್ಲಿ ವಿದ್ಯುತ್ ಕಂಪನಿಗಳಿಂದಲೇ ಎರವಲು ಸೇವೆಯ ಮೇಲೆ ಅಧಿಕಾರಿಗಳು ಬರುತ್ತಾರೆ. ಅವರಿಗೆ ಕ್ಷೇತ್ರದ ಅನುಭವವಿರುತ್ತದೆ, ಅದನ್ನು ಹಗುರವಾಗಿ ಕಾಣಬಾರದು. ಆದರೆ ಎರಡು ಮೂರು ವರ್ಷದಲ್ಲಿ ಕೆಲಸ ಕೈಗೆ ಹತ್ತುವ ಹೊತ್ತಿಗೆ ಮಾತೃಸಂಸ್ಥೆಗೆ ಮರಳುತ್ತಾರೆ, ಮರಳಬೇಕೆಂಬ ನೆನಪು ಅವರ ಟಿಪ್ಪಣಿಯ ಭಾಷೆಯನ್ನು ಮೆದುವಾಗಿಸುವುದೂ ಉಂಟು. ಅಧ್ಯಕ್ಷರು ಮತ್ತು ಸದಸ್ಯರು ನಿವೃತ್ತಿಯಾದ ಮೇಲೆ ಎರಡು ವರ್ಷ ವಾಣಿಜ್ಯ ಉದ್ಯೋಗ ಹಿಡಿಯಬಾರದೆಂದು ಕಾಯ್ದೆಯ 89ನೇ ಕಲಮು ತಡೆಯುತ್ತದೆ. ಕೆಳಗಿನ ಸಿಬ್ಬಂದಿಗೆ ಆ ಕಲಮಿನಲ್ಲಿ ಅಂಥ ತಡೆಯಿಲ್ಲ. ಇಂದು ಕರಾರನ್ನು ಪರಿಶೀಲಿಸಿದವರು ನಾಳೆ ಅದೇ ಕರಾರಿನ ಆಚೆ ಬದಿಯಲ್ಲಿ ಕೂರುವುದಕ್ಕೆ ಕಲಿತ ಕೌಶಲವೇ ದಾರಿ ಮಾಡಿಕೊಡುತ್ತದೆ ಎಂಬುದು ಈ ಕ್ಷೇತ್ರದ ವಿಚಿತ್ರ.

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ವಿಭಾಗದ ಕೊನೆಯ ವರ್ಷದಲ್ಲಿದ್ದೇನೆ. ನಿಯಂತ್ರಣ ಆಯೋಗದಲ್ಲಿ ಅಥವಾ ಹೆಸ್ಕಾಂನ ವಿದ್ಯುತ್ ಖರೀದಿ ವಿಭಾಗದಲ್ಲಿ ಕೆಲಸ ಮಾಡುವ ಆಸೆಯಿದೆ. ಕಾಲೇಜಿನಲ್ಲಿ ಕಲಿಸದ ಯಾವುದನ್ನು ನಾನು ಕಲಿಯಬೇಕು, ಸರ್?
(ವಿದ್ಯಾರ್ಥಿ, ಬೆಳಗಾವಿ)

ಉತ್ತರ: ಮೊದಲು ಒಂದು ಲೆಕ್ಕ ಮಾಡಿ. ನಿಮ್ಮ ತಾಲ್ಲೂಕಿನ ಯಾವುದಾದರೂ ಸಬ್‌ಸ್ಟೇಷನ್ನಿನ ಪಕ್ಕದಲ್ಲಿ ಪಂಪ್‌ಸೆಟ್ಟುಗಳ ಫೀಡರಿಗಾಗಿ ಖಾಸಗಿಯವರು 5 ಮೆಗಾವಾಟಿನ ಸೋಲಾರ್ ಘಟಕ ಹಾಕಿ 25 ವರ್ಷದ ಕರಾರು ಮಾಡಿಕೊಳ್ಳುತ್ತಾರೆ ಎಂದು ಭಾವಿಸಿ. ಕುಸುಮ್ ಯೋಜನೆಯಡಿ ಈಗ ನಡೆದಿರುವುದು ಇದೇ ಬಗೆಯ ಕೆಲಸ. ಘಟಕ ತನ್ನ ಸಾಮರ್ಥ್ಯದ ಶೇ 19ರಷ್ಟು ಉತ್ಪಾದಿಸುತ್ತದೆಯೋ ಶೇ 21ರಷ್ಟೋ ಎಂಬ ಎರಡು ಅಂಕದ ವ್ಯತ್ಯಾಸವನ್ನು 5 ಮೆಗಾವಾಟಿಗೂ ವರ್ಷದ 8,760 ಗಂಟೆಗಳಿಗೂ ಗುಣಿಸಿ. 8,76,000 ಯೂನಿಟ್ ಬರುತ್ತದೆ. ಯೂನಿಟ್‌ಗೆ 3 ರೂಪಾಯಿ ಹಿಡಿದರೂ ವರ್ಷಕ್ಕೆ 26 ಲಕ್ಷ ರೂಪಾಯಿಗಿಂತ ಹೆಚ್ಚು. ಇದೇ ಲೆಕ್ಕವನ್ನು 25 ವರ್ಷಕ್ಕೆ ಹಿಗ್ಗಿಸಿ, ಫಲಕಗಳ ಸವೆತ ಕಳೆದು, ಸಾಲದ ಕಂತು ಸೇರಿಸಿ, ನಾಳಿನ ರೂಪಾಯಿಯನ್ನು ಇಂದಿನ ಬೆಲೆಗೆ ಇಳಿಸಿ ಒಂದೇ ದರವಾಗಿ ಹೇಳಲು ಬಂದರೆ, ಯೋಜನಾ ಹಣಕಾಸಿನ ಅರ್ಧ ಪಾಠ ಮುಗಿದಂತೆ. ಅದಕ್ಕೆ ಎಂಬಿಎ ಬೇಕಿಲ್ಲ, ಲ್ಯಾಪ್‌ಟಾಪ್ ಮತ್ತು ತಾಳ್ಮೆ ಸಾಕು.

ಇನ್ನರ್ಧ ಕಾನೂನು. ನಿಮ್ಮ ಓದಿಗೆ ನಮ್ಮ ರಾಜ್ಯದ ರೈತರ ಸೋಲಾರ್ ಪ್ರಕರಣಗಳನ್ನೇ ಸೂಚಿಸುತ್ತೇನೆ. ಜಮೀನಿರುವ ರೈತರು 1ರಿಂದ 3 ಮೆಗಾವಾಟ್ ಘಟಕ ಹಾಕಬಹುದೆಂದು 2014ರಲ್ಲಿ ಸರ್ಕಾರ ಯೋಜನೆ ತಂದಿತು. ಯೂನಿಟ್‌ಗೆ 8.40 ರೂಪಾಯಿಯ ಕರಾರುಗಳಾದವು. ಭೂಪರಿವರ್ತನೆ ಮತ್ತಿತರ ಸರ್ಕಾರಿ ಅನುಮತಿಗಳು ತಡವಾಗಿ ಹಲವರ ಘಟಕಗಳು ಗಡುವು ಮೀರಿದವು. ಆಯೋಗ ವಿಳಂಬವನ್ನು ಒಪ್ಪದೆ ಅಂಥವರ ದರವನ್ನು ಸರಿಸುಮಾರು ಅರ್ಧಕ್ಕೆ ಇಳಿಸಿತು. ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿ ಹಲವು ಪ್ರಕರಣಗಳಲ್ಲಿ ಅದನ್ನು ತಳ್ಳಿಹಾಕಿತು; ಹಿರೇಹಳ್ಳಿಯ ಘಟಕದ ಪ್ರಕರಣದಲ್ಲಿ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮಂಡಳಿಯ ತೀರ್ಮಾನವನ್ನೇ ಎತ್ತಿಹಿಡಿಯಿತು. ದುಬಾರಿ ವಿದ್ಯುತ್ತಿನಿಂದ ಗ್ರಾಹಕರನ್ನು ಉಳಿಸುವುದು ಆಯೋಗದ ಕಳಕಳಿಯಾಗಿತ್ತು, ಅದು ತಪ್ಪಲ್ಲ. ಆದರೆ ಯಾವ ಅನುಮತಿಗೆ ಯಾವ ದಿನ ಅರ್ಜಿ ಬಿತ್ತು, ಯಾವ ಕಚೇರಿಯಲ್ಲಿ ಎಷ್ಟು ದಿನ ನಿಂತಿತು ಎಂಬ ತಾರೀಖುಗಳ ಪಟ್ಟಿಯನ್ನು ಕರಾರಿನ ಕಲಮಿಗೆ ಎದುರಾಗಿಟ್ಟು ನೋಡದ ಆದೇಶ ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆಯೋಗದ ಆದೇಶವನ್ನೂ ನ್ಯಾಯಮಂಡಳಿಯ ಆದೇಶವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಕೆಳಗಿನದು ಎಲ್ಲಿ ಎಡವಿತು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ. ಇದಕ್ಕಿಂತ ಒಳ್ಳೆಯ ತರಬೇತಿ ನನಗೆ ಗೊತ್ತಿಲ್ಲ. ಸೇವೆಗೆ ಸೇರಿದ ಮೇಲೆ ಆಯೋಗಗಳ ಅಧಿಕಾರಿಗಳಿಗಾಗಿಯೇ ಕಾನ್ಪುರದ ಐಐಟಿಯಲ್ಲಿ ನಡೆಯುವ ತರಬೇತಿಗಳೂ ಇವೆ.

ಆಯೋಗದ ಸದಸ್ಯರಿಗೆ ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು ಅಥವಾ ನಿರ್ವಹಣೆಯಲ್ಲಿ ಸಾಕಷ್ಟು ಜ್ಞಾನ, ಸಾಮರ್ಥ್ಯ ಇರಬೇಕೆಂದು ಕಾಯ್ದೆ ಹೇಳುತ್ತದೆ. ಕಾನೂನು ಬಲ್ಲ ಒಬ್ಬರಾದರೂ ಇರಲೇಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿತು. ಸಿಬ್ಬಂದಿಯ ಮಟ್ಟದಲ್ಲಿ ಇದಕ್ಕೆ ನಾನು ಒಂದನ್ನು ಸೇರಿಸುತ್ತೇನೆ, ಅದು ಕನ್ನಡ. ವರ್ಷವರ್ಷ ಬರುವ ನೂರಾರು ಪುಟದ ದರ ಆದೇಶದ ತಿರುಳನ್ನು ಸವದತ್ತಿಯ ರೈತನಿಗೆ ಅರ್ಥವಾಗುವಂತೆ ನಾಲ್ಕು ಪುಟದಲ್ಲಿ ಬರೆಯಬಲ್ಲ ಎಂಜಿನಿಯರ್ ಅಪರೂಪ. ರೇಣುಕಾ ಸಾಗರದ ನೀರನ್ನು ಆಧರಿಸಿ ಸವದತ್ತಿಯ ಬಳಿ ಖಾಸಗಿಯವರು ನೀರೆತ್ತಿ ವಿದ್ಯುತ್ ಸಂಗ್ರಹಿಸುವ ಪಂಪ್ಡ್ ಸ್ಟೋರೇಜ್ ಯೋಜನೆ ಕೈಗೊಂಡಿರುವಾಗ, ಅಲ್ಲಿನವರಿಗೆ ಅದರ ಲಾಭನಷ್ಟ ತಿಳಿಸಿ ಹೇಳುವ ಕೆಲಸ ಕಂಪನಿಯ ಪ್ರಚಾರ ವಿಭಾಗಕ್ಕೆ ಮಾತ್ರ ಉಳಿಯಬಾರದು.

ಪ್ರಶ್ನೆ: ನಮ್ಮಲ್ಲಿ ವಿದ್ಯುತ್ ಕೊಡುವುದು ಹೆಸ್ಕಾಂ ಅಲ್ಲ, ಸಹಕಾರಿ ಸಂಘ. ಆಯೋಗದ ಸಿಬ್ಬಂದಿಯ ಕೆಲಸ ನಮಗೂ ಸಂಬಂಧಿಸುತ್ತದೆಯೇ? ನಾವು ತಕರಾರು ಹೇಳಬಹುದೇ?
(ಓದುಗರೊಬ್ಬರು, ಹುಕ್ಕೇರಿ)

ಉತ್ತರ: ಖಂಡಿತ. 1969ರಿಂದ ಇರುವ ನಿಮ್ಮ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವೂ ವಿತರಣಾ ಪರವಾನಗಿ ಪಡೆದ ಸಂಸ್ಥೆಯೇ. ಅದರ ದರವನ್ನೂ ರಾಜ್ಯ ಆಯೋಗವೇ ನಿಗದಿ ಮಾಡುತ್ತದೆ. ದರದ ಅರ್ಜಿಯನ್ನು ಸಂಕ್ಷಿಪ್ತವಾಗಿ ಪ್ರಕಟಿಸುವುದು ಕಾಯ್ದೆಯಂತೆ ಕಡ್ಡಾಯ, ಸಾರ್ವಜನಿಕರ ಸಲಹೆ ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳೊಳಗೆ ಆಯೋಗ ಆದೇಶ ಹೊರಡಿಸಬೇಕು. ಆಕ್ಷೇಪಣೆ ಬರೆಯುವಾಗ ‘ದರ ಏರಿಸಬೇಡಿ’ ಎಂದಷ್ಟೇ ಬರೆದರೆ ಅದು ನೂರು ಪತ್ರಗಳ ಜತೆ ಒಂದೇ ಸಾಲಿನ ಉತ್ತರ ಪಡೆಯುತ್ತದೆ. ಅರ್ಜಿಯ ಪುಟಸಂಖ್ಯೆ, ಕೋಷ್ಟಕದ ಸಂಖ್ಯೆ ನಮೂದಿಸಿ, ‘ಕಳೆದ ವರ್ಷ ಇಷ್ಟಿದ್ದ ವಿದ್ಯುತ್ ಸೋರಿಕೆ ಈ ವರ್ಷ ಇಷ್ಟಾಗಲು ಕಾರಣವೇನು?’ ಎಂದು ಕೇಳಿ. ಆಗ ಅದಕ್ಕೆ ಉತ್ತರ ಬರೆಯಲು ಸಂಘದವರೂ ಲೆಕ್ಕ ತೆಗೆಯಬೇಕಾಗುತ್ತದೆ, ಆಯೋಗದ ಸಿಬ್ಬಂದಿಯೂ ಆ ಕೋಷ್ಟಕವನ್ನು ಮತ್ತೊಮ್ಮೆ ತೆರೆಯಬೇಕಾಗುತ್ತದೆ.